ಕೆಂಪು ತಂತಿಗೆ ಕೆಂಪು ತಂತಿ

ನರಸಿಂಹರಾಜಪುರದ ಆ ಬೇಕರಿಯ ಹಿಂಬಾಗಿಲಲ್ಲಿ ನಾನು ಚಪ್ಪಲಿ ಬಿಡುವಷ್ಟರಲ್ಲಿ ಯಜಮಾನರು ಒಂದು ಟ್ರೇ ತಂದು ನನ್ನೆದುರಿನ ಹಲಗೆಯ ಮೇಲಿಟ್ಟರು. ಟ್ರೇಯ ತುಂಬ ರಸ್ಕು. ಒಂದೊಂದೂ ಇದ್ದಿಲಿನ ಬಣ್ಣ.

"ನೋಡಿ ಮೇಡಂ. ನಿಮ್ಮ ಮೀಟರು ನೂರೈವತ್ತು ಡಿಗ್ರಿ ಅಂತು, ನಾನು ಒಳಗಿಟ್ಟೆ. ಹತ್ತು ನಿಮಿಷ ಬಿಟ್ಟು ಬಾಗಿಲು ತೆಗೆದ್ರೆ ಇದು."

ಅವರು ಬೈಯಲಿಲ್ಲ. ಮೂವತ್ತೈದರ ಆಸುಪಾಸಿನ, ಮೆಲುಮಾತಿನ ಮನುಷ್ಯ. ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು. ನಾನು ಒಂದು ರಸ್ಕು ಎತ್ತಿಕೊಂಡು ಮುರಿದೆ. ಒಳಗೂ ಕಪ್ಪು. ಬೆರಳಿಗೆ ಮಸಿ ಅಂಟಿತು.

ಕೊಪ್ಪದ ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಸಣ್ಣ ಕೋಣೆಯಲ್ಲಿ ನಾನು ಮೀಟರು, ಸೆನ್ಸರುಗಳ ಕೆಲಸ ಮಾಡುತ್ತೇನೆ. ಡಿಪ್ಲೊಮಾ ಮುಗಿಸಿದ ಮೇಲೆ ಹದಿಮೂರು ವರ್ಷ ಒಂದು ಟೀ ಫ್ಯಾಕ್ಟರಿಯ ಮೆಂಟೆನೆನ್ಸಿನಲ್ಲಿದ್ದೆ. ಅಲ್ಲಿಂದ ಬಿಟ್ಟು ಬಂದು ಸ್ವಂತಕ್ಕೆ ಶುರು ಮಾಡಿದಾಗ, ಹೆಂಗಸು ಸ್ಕ್ರೂಡ್ರೈವರ್ ಹಿಡಿದು ಬಸ್ಸಿನಲ್ಲಿ ಊರೂರು ತಿರುಗುವುದನ್ನು ನೋಡಿ ಕೆಲವರು ನಕ್ಕರು, ಹೆಚ್ಚಿನವರು ಕೆಲಸ ಕೊಟ್ಟರು. ಆ ಬೇಕರಿಗೆ ಉಷ್ಣತೆ ತೋರಿಸುವ ಮೀಟರು ಹಾಕಿಕೊಟ್ಟವಳು ನಾನೇ. ಹಾಕಿ ಒಂದು ತಿಂಗಳೂ ಆಗಿರಲಿಲ್ಲ.

ಆ ಬೇಕರಿಗೆ ಮೀಟರು ಯಾಕೆ ಬೇಕಾಯಿತು ಎನ್ನುವುದನ್ನು ಹೇಳಬೇಕು. ಅಲ್ಲಿರುವುದು ಇಟ್ಟಿಗೆಯ ಗುಮ್ಮಟದ ಹಳೆಯ ಸೌದೆ ಭಟ್ಟಿ. ಯಜಮಾನರ ತಂದೆ ಕಟ್ಟಿಸಿದ್ದು. ತಂದೆ ತೀರಿಕೊಂಡ ಮೇಲೆ ಮೂವತ್ತು ವರ್ಷ ಆ ಭಟ್ಟಿಯ ಹದ ನೋಡುತ್ತಿದ್ದವರು ಅವರ ತಾಯಿ. ಎಲ್ಲರೂ ಅವರನ್ನು ಆಪಾ, ಅಂದರೆ ಅಕ್ಕ, ಎಂದು ಕರೆಯುತ್ತಾರೆ, ನಾನೂ ಹಾಗೇ ಕರೆಯುತ್ತೇನೆ. ಆಪಾ ಒಂದು ಚಿಟಿಕೆ ಮೈದಾ ತೆಗೆದು ಭಟ್ಟಿಯ ನೆಲದ ಮೇಲೆ ಎಸೆದು, ಒಂದು ಎರಡು ಎಂದು ಎಣಿಸುತ್ತಿದ್ದರು. ಎಷ್ಟು ಎಣಿಸುವಾಗ ಹಿಟ್ಟು ಕೆಂಪಗಾಯಿತು ಎನ್ನುವುದರ ಮೇಲೆ ಬನ್ನೋ, ಬಿಸ್ಕತ್ತೋ, ರಸ್ಕೋ ತೀರ್ಮಾನ. ಈಗ ಎರಡು ವರ್ಷದಿಂದ ಅವರ ಕಣ್ಣಿಗೆ ಪೊರೆ ಬಂದಿತ್ತು. ಹಿಟ್ಟು ಕೆಂಪಗಾಗುವುದು ಕಾಣುತ್ತಿರಲಿಲ್ಲ. ಶಸ್ತ್ರಚಿಕಿತ್ಸೆಗೆ ಅವರು ಒಪ್ಪುತ್ತಿರಲಿಲ್ಲ. ಮಗ ಕಾಯುವ ಹಾಗಿರಲಿಲ್ಲ. ಅದಕ್ಕೇ ಮೀಟರು.

ನಾನು ಅದನ್ನು ಕೂರಿಸಿದ್ದು ಒಂದು ಶುಕ್ರವಾರ, ಭಟ್ಟಿಗೆ ರಜೆಯ ದಿನ. ಇಟ್ಟಿಗೆ ಗೋಡೆಯಲ್ಲಿ ತೂತು ಕೊರೆದು ಸ್ಟೀಲ್ ಕೊಳವೆಯೊಳಗಿನ ಥರ್ಮೋಕಪಲನ್ನು, ಅಂದರೆ ಬಿಸಿ ಅಳೆಯುವ ಜೋಡಿ ತಂತಿಯನ್ನು, ಒಳಕ್ಕೆ ತೂರಿಸಿದೆ. ಅದರ ಬಾಲದ ಕಡೆ ಬಾಳೆಕಾಯಿ ದಪ್ಪದ ಒಂದು ಅಲ್ಯೂಮಿನಿಯಂ ಡಬ್ಬಿ. ಅದು ಗೋಡೆಯ ಹೊರಗೆ ಉಳಿಯುತ್ತದೆ. ಆ ಡಬ್ಬಿಯಿಂದ ಹದಿನೈದು ಅಡಿ ಕೇಬಲ್ ಎಳೆದು, ಹಿಟ್ಟು ನಾದುವ ಮೇಜಿನ ಮೇಲಿನ ಗೋಡೆಗೆ ಮೀಟರು ಹಾಕಿದೆ. ಕೊನೆಗೆ ಕೊಳವೆಯನ್ನು ಹೊರಗೆಳೆದು ಕುದಿಯುವ ಕೆಟಲಿನಲ್ಲಿ ಅದ್ದಿದೆ. ತೊಂಬತ್ತೇಳು ತೋರಿಸಿತು. ನಮ್ಮ ಎತ್ತರದ ಊರುಗಳಲ್ಲಿ ನೀರು ನೂರಕ್ಕೆ ಮೊದಲೇ ಕುದಿಯುತ್ತದೆ, ಹಾಗಾಗಿ ತೊಂಬತ್ತೇಳು ಎಂದರೆ ಸರಿಯಾದ ಲೆಕ್ಕ. ಖುಷಿಯಲ್ಲಿ ಚಹಾ ಕುಡಿದು ಬಸ್ಸು ಹತ್ತಿದ್ದೆ.

ಈಗ ಅದೇ ಮೇಜಿನ ಹತ್ತಿರ ಒಂದು ಸ್ಟೂಲಿನ ಮೇಲೆ ಆಪಾ ಕೂತಿದ್ದರು. ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು, ದನಿ ಬಂದ ಕಡೆಗೆ ಮುಖ ತಿರುಗಿಸಿ ಹೇಳಿದರು:

"ನಾನು ಬೇಡ ಅಂದೆ ಮಾರಾಯ್ತಿ. ಭಟ್ಟಿ ಉರೀತಾ ಉಂಟು, ರಸ್ಕ್ ಇಡ್ಬೇಡ ಅಂದೆ. ಇವ ಕೇಳ್ಬೇಕಲ್ಲ."

"ಅಮ್ಮೀ, ಮೀಟರಲ್ಲಿ ನೂರೈವತ್ತು ಅಂತ ಇದ್ರೆ ನಾನೆಂತ ಮಾಡ್ಲಿ?" ಎಂದರು ಮಗ. ಆಮೇಲೆ ನನ್ನ ಕಡೆ ತಿರುಗಿ, ತಾಯಿಗೆ ಕೇಳದ ಹಾಗೆ, "ಅವರಿಗೆ ಕಣ್ಣು ಕಾಣ್ಸದಿಲ್ಲಲ್ಲ ಮೇಡಂ, ಅಂದಾಜಲ್ಲಿ ಹೇಳ್ತಾರೆ ಅಂದ್ಕೊಂಡೆ. ಇಷ್ಟು ದಿನ ಅವರು ಹೇಳಿದ ಹಾಗೇ ಇಡ್ತಿದ್ದೆ, ಮೀಟರೊಂದನ್ನೇ ನಂಬಿ ಇಟ್ಟದ್ದು ಇವತ್ತೇ ಮೊದಲು."

ಆಪಾಗೆ ಅದು ಕೇಳಿಸಿತು. "ಕಣ್ಣು ಮಂಜಾಗಿದೆ. ಮೂಗು ಮಂಜಾಗ್ಲಿಲ್ಲ," ಎಂದರು. "ಹಿಟ್ಟು ಎಸೆದ್ರೆ ವಾಸನೆ ಬರ್ತದೆ. ಎರಡು ಎಣಿಸೂದ್ರೊಳಗೆ ಸೀದ ವಾಸನೆ ಬಂತು. ರಸ್ಕಿಗೆ ಅದು ಹತ್ತರ ಹತ್ತಿರ ಬರ್ಬೇಕು." ಆಮೇಲೆ ದನಿ ಇಳಿಸಿ ಹೇಳಿದರು: "ಆದ್ರೆ ಮೀಟರು ಹಂಗಂದ ಮೇಲೆ ನನಗೂ ಅನುಮಾನ ಬಂತು. ವಯಸ್ಸಾಯ್ತಲ್ಲ, ಮೂಗೂ ಹೋಯ್ತೇನೋ ಅಂತ."

ಆ ಮಾತು ನನ್ನನ್ನು ಚುಚ್ಚಿತು. ನಾನು ಗೋಡೆಗೆ ಹಾಕಿದ ಒಂದು ಮೀಟರು, ಮೂವತ್ತು ವರ್ಷ ಭಟ್ಟಿಯೆದುರು ನಿಂತ ಹೆಂಗಸಿಗೆ ತನ್ನ ಮೂಗಿನ ಮೇಲೆಯೇ ಅನುಮಾನ ಹುಟ್ಟಿಸಿತ್ತು.

ಮೊದಲು ಮೀಟರು ಬದಲಿಸಿ ನೋಡಿದೆ. ಚೀಲದಲ್ಲಿ ಇನ್ನೊಂದು ಹೊಸದು ತಂದಿದ್ದೆ. ಅದೂ ಅಷ್ಟೇ ತೋರಿಸಿತು: ನೂರೈವತ್ತೆರಡು. ಹಾಗಾದರೆ ಮೀಟರಿನ ತಪ್ಪಲ್ಲ. ತಂತಿಗಳ ಸ್ಕ್ರೂ ಬಿಗಿ ಇತ್ತು. ಕೇಬಲ್ ಎಲ್ಲೂ ಸುಟ್ಟಿರಲಿಲ್ಲ.

"ಕೆಟಲ್ ಇಡಿ," ಎಂದೆ. "ಕುದಿಯೋ ನೀರಲ್ಲಿ ಇನ್ನೊಂದ್ಸಲ ನೋಡ್ತೇನೆ."

ನೀರು ಕುದಿಯತೊಡಗಿದಾಗ ಗೋಣಿಪಟ್ಟೆ ಸುತ್ತಿ ಹಿಡಿದು ಥರ್ಮೋಕಪಲನ್ನು ಭಟ್ಟಿಯಿಂದ ಹೊರಗೆಳೆದೆ. ಗೋಣಿಯ ಮೂಲಕವೂ ಡಬ್ಬಿಯ ಬಿಸಿ ಅಂಗೈಗೆ ತಾಗುತ್ತಿತ್ತು. ಕೊಳವೆ ಸ್ವಲ್ಪ ಆರಿದ ಮೇಲೆ ತುದಿಯನ್ನು ಕೆಟಲಿನೊಳಗೆ ಇಳಿಸಿದೆ. "ಎಷ್ಟು ತೋರಿಸ್ತದೆ?" ಎಂದು ಕೇಳಿದೆ.

ಯಜಮಾನರು ಮೀಟರನ್ನು ನೋಡಿದರು. ಕಣ್ಣು ಉಜ್ಜಿಕೊಂಡು ಮತ್ತೆ ನೋಡಿದರು.

"ಹದಿನಾರು."

"ಎಷ್ಟು?"

"ಹದಿನಾರು ಮೇಡಂ. ಒಂದು, ಆರು."

ನಾನೇ ತಲೆಯೆತ್ತಿ ನೋಡಿದೆ. ಹೌದು, ಹದಿನಾರು. ಕೆಟಲಿನಲ್ಲಿ ನೀರು ಗುಳುಗುಳು ಕುದಿಯುತ್ತಿದೆ, ಆವಿ ನನ್ನ ಕನ್ನಡಕಕ್ಕೆ ಹೊಡೆಯುತ್ತಿದೆ. ಮೀಟರಿನ ಪ್ರಕಾರ ಅದು ಡಿಸೆಂಬರಿನ ಬೆಳಗಿನ ಬಾವಿನೀರಿಗಿಂತಲೂ ತಣ್ಣಗೆ.

ಇಂಥ ಹೊತ್ತಿನಲ್ಲಿ ಹೆದರಿಕೆ ಆಗಬೇಕು. ನನಗೆ ಆದದ್ದು ಬೇರೆ. ಮುಖದ ಮೇಲೆ ನಗು ಬಂತು. ಹತ್ತಿಪ್ಪತ್ತು ಡಿಗ್ರಿಯ ತಪ್ಪನ್ನು ಹುಡುಕುವುದು ಕಷ್ಟ. ಇಷ್ಟು ದೊಡ್ಡ ತಪ್ಪು ಬಚ್ಚಿಟ್ಟುಕೊಳ್ಳಲಾರದು. ಅದು ಇಲ್ಲೇ ಎಲ್ಲೋ ಇದೆ, ಕೈಗೆ ಸಿಗುವಷ್ಟು ಹತ್ತಿರ.

"ಈಗ ಹತ್ತೊಂಬತ್ತು," ಎಂದರು ಯಜಮಾನರು.

"ಏನು?"

"ಏರ್ತಾ ಉಂಟು. ಇಪ್ಪತ್ತೆರಡು."

ನೀರು ಮೊದಲಿಂದಲೂ ಒಂದೇ ಹದದಲ್ಲಿ ಕುದಿಯುತ್ತಿತ್ತು, ಅದರ ಬಿಸಿ ಏರಿರಲು ಸಾಧ್ಯವಿಲ್ಲ. ಆದರೂ ಮೀಟರು ಏರುತ್ತಿತ್ತು. ಇಪ್ಪತ್ತೇಳು. ಮೂವತ್ತೊಂದು. ನಾನು ಅಲುಗಾಡದೆ ಕೆಟಲಿನ ಮೇಲೆ ಬಗ್ಗಿ ನಿಂತೆ. ಈ ಕೋಣೆಯಲ್ಲಿ ಏನೋ ಬದಲಾಗುತ್ತಿದೆ. ನೀರಲ್ಲ, ಮೀಟರಲ್ಲ. ಮತ್ತೇನು?

ಅಂಗೈ ಹೇಳಿತು. ಐದು ನಿಮಿಷದ ಹಿಂದೆ ಹಿಡಿಯಲಾರದಷ್ಟು ಸುಡುತ್ತಿದ್ದ ಅಲ್ಯೂಮಿನಿಯಂ ಡಬ್ಬಿ ಈಗ ಗೋಣಿಯ ಮೂಲಕ ಬರೀ ಬೆಚ್ಚಗಿತ್ತು. ಡಬ್ಬಿ ಆರುತ್ತಿತ್ತು. ಡಬ್ಬಿ ಆರಿದ ಹಾಗೆ ಮೀಟರು ಏರುತ್ತಿತ್ತು.

"ಆಪಾ, ಒಂದು ಬಟ್ಟೆ ಬಿಸಿನೀರಲ್ಲಿ ಅದ್ದಿ, ಹಿಂಡಿ ಕೊಡ್ತೀರಾ?"

ಆಪಾ ತಡಕಾಡದೆ ಎದ್ದರು. ಅವರ ಬೇಕರಿಯಲ್ಲಿ ಅವರಿಗೆ ಕಣ್ಣು ಬೇಕಿರಲಿಲ್ಲ. ಬಟ್ಟೆ ಹಿಂಡಿ ನನ್ನ ಕೈಗಿಟ್ಟರು. ನಾನು ಅದನ್ನು ಡಬ್ಬಿಯ ಸುತ್ತ ಸುತ್ತಿದೆ.

"ಇಳೀತಾ ಉಂಟು!" ಯಜಮಾನರು ಕೂಗಿಯೇಬಿಟ್ಟರು. "ಮೂವತ್ತು. ಇಪ್ಪತ್ತಾರು. ಇಪ್ಪತ್ತೊಂದು!"

"ಏನು, ಬಿಸಿ ಬಟ್ಟೆ ಸುತ್ತಿದ್ರೆ ಮೀಟರಿಗೆ ಚಳಿ ಆಗ್ತದಾ?" ಆಪಾ ಕೇಳಿದರು. ಅವರ ದನಿಯಲ್ಲೂ ಈಗ ಉತ್ಸಾಹ ಸೇರಿಕೊಂಡಿತ್ತು.

"ಆಗಬಾರದು ಆಪಾ. ಡಬ್ಬಿಗೆ ಎಷ್ಟು ಬಿಸಿ ಮಾಡಿದ್ರೂ ಮೀಟರಿಗೆ ಗೊತ್ತೇ ಆಗಬಾರದು. ಅಲ್ಲೇ ಇದೆ ತಪ್ಪು."

ಡಬ್ಬಿಯ ಮುಚ್ಚಳ ಬಿಚ್ಚಿದೆ. ಒಳಗೆ ಎಲ್ಲ ನಾನು ಕಟ್ಟಿಟ್ಟ ಹಾಗೇ ಇತ್ತು, ಅಂದವಾಗಿ. ಥರ್ಮೋಕಪಲಿನ ಎರಡು ತಂತಿ, ಒಂದಕ್ಕೆ ಕೆಂಪು ಗುರುತು, ಒಂದಕ್ಕೆ ನೀಲಿ. ಕೇಬಲಿನ ಎರಡು ತಂತಿ, ಒಂದು ಕೆಂಪು, ಒಂದು ಹಳದಿ. ಕೆಂಪಿಗೆ ಕೆಂಪು, ನೀಲಿಗೆ ಹಳದಿ. ಮೀಟರಿನ ಹತ್ತಿರ ಕೆಂಪು ಪ್ಲಸ್ಸಿಗೆ. ಇದಕ್ಕಿಂತ ಸರಿಯಾಗಿ ಕಟ್ಟುವುದು ಹೇಗೆ? ಸಣ್ಣ ಮಗುವೂ ಹೀಗೇ ಕಟ್ಟುತ್ತದೆ.

ಒಂದು ಸ್ಕ್ರೂ ಸಡಿಲಿಸುವಾಗ ಅದು ಜಾರಿ ಡಬ್ಬಿಯೊಳಗೆ ಬಿತ್ತು. ನನ್ನ ಸ್ಕ್ರೂಡ್ರೈವರಿನ ತುದಿಗೆ ಅಯಸ್ಕಾಂತವಿದೆ, ಬಿದ್ದ ಸ್ಕ್ರೂ ಎತ್ತುವುದಕ್ಕೆಂದೇ. ಅದನ್ನು ಒಳಗೆ ಇಳಿಸಿದೆ. ಸ್ಕ್ರೂ ಬಂತು. ಸ್ಕ್ರೂವಿನ ಜೊತೆ, ಬಿಡಿಸಿಟ್ಟಿದ್ದ ಕೇಬಲಿನ ಕೆಂಪು ತಂತಿಯ ತುದಿಯೂ ಮೆಲ್ಲಗೆ ವಾಲಿ ಸ್ಕ್ರೂಡ್ರೈವರಿಗೆ ಅಂಟಿಕೊಂಡಿತು.

ನಾನು ಅದನ್ನೇ ನೋಡುತ್ತ ನಿಂತೆ.

ಕಿತ್ತೆ. ಮತ್ತೆ ಹತ್ತಿರ ಹಿಡಿದೆ. ಮತ್ತೆ ಅಂಟಿತು. ಹಳದಿ ತಂತಿಯ ಹತ್ತಿರ ಹಿಡಿದೆ. ಅದು ಅಲುಗಲೇ ಇಲ್ಲ. ಆಮೇಲೆ ಥರ್ಮೋಕಪಲಿನ ತಂತಿಗಳ ಹತ್ತಿರ ಹಿಡಿದೆ. ಅಲ್ಲಿ ಕೆಂಪು ಅಲುಗಲಿಲ್ಲ. ನೀಲಿ ಅಂಟಿತು.

"ಅಯ್ಯೋ ದೇವರೇ!" ಎಂದು ಕೂಗಿದೆ. ಮುಂದಿನ ಕೌಂಟರಿನಲ್ಲಿ ಬನ್ನು ಕಟ್ಟಿಸಿಕೊಳ್ಳುತ್ತಿದ್ದವರು ಇಣುಕಿ ನೋಡಿದರು.

"ಎಂತಾಯ್ತು, ಶಾಕ್ ಹೊಡೀತಾ?" ಯಜಮಾನರು ಓಡಿಬಂದರು.

"ಶಾಕಲ್ಲ. ಸಿಕ್ತು. ಸಿಕ್ತು! ತಪ್ಪು ನಂದೇ!"

ತಪ್ಪು ನನ್ನದೇ ಎಂದು ಅಷ್ಟು ಸಂತೋಷದಿಂದ ನಾನು ಜೀವನದಲ್ಲಿ ಬೇರೆಂದೂ ಹೇಳಿಲ್ಲ. ಆಪಾ ನನ್ನ ತೋಳು ಹಿಡಿದು ಸ್ಟೂಲಿನ ಮೇಲೆ ಕೂರಿಸಿದರು. "ಉಸಿರು ಬಿಡು ಮೊದಲು. ನನಗೆ ಅರ್ಥ ಆಗೂ ಹಾಗೆ ಹೇಳು."

ನಾನು ಹೇಳಿದೆ. ಥರ್ಮೋಕಪಲ್ ಎಂದರೆ ಬೇರೆ ಬೇರೆ ಲೋಹದ ಎರಡು ತಂತಿ, ತುದಿಯಲ್ಲಿ ಒಂದಕ್ಕೊಂದು ಬೆಸೆದದ್ದು. ಬೆಸೆದ ತುದಿಯನ್ನು ಭಟ್ಟಿಯಲ್ಲಿಟ್ಟರೆ ಇನ್ನೊಂದು ಕೊನೆಯಲ್ಲಿ ಒಂದು ಚೂರು ವಿದ್ಯುತ್ತು ಹುಟ್ಟುತ್ತದೆ. ಆದರೆ ಅದು ಭಟ್ಟಿ ಎಷ್ಟು ಬಿಸಿ ಎಂದು ಹೇಳುವುದಿಲ್ಲ. ಈ ತುದಿಗೂ ಆ ಕೊನೆಗೂ ಬಿಸಿಯಲ್ಲಿ ಎಷ್ಟು ಅಂತರ ಎನ್ನುವುದನ್ನಷ್ಟೇ ಹೇಳುತ್ತದೆ. ಮೀಟರು ತಾನಿರುವ ಜಾಗದ ಬಿಸಿಯನ್ನು ತಾನೇ ಅಳೆದು ಅದಕ್ಕೆ ಕೂಡಿಸಿ ತೋರಿಸುತ್ತದೆ. ಹಾಗಾಗಿ ಆ ಎರಡು ಲೋಹ ಮೀಟರಿನವರೆಗೂ ಬರಬೇಕು. ನಡುವೆ ಕೇಬಲ್ ಸೇರಿಸಿದರೂ ಅದೇ ಲೋಹದ್ದೇ ಆಗಬೇಕು, ಆ ಲೋಹಕ್ಕೆ ಅದೇ ಲೋಹ ಕೂಡಬೇಕು.

"ಅಕ್ಕನ ಕೈ ಅಕ್ಕ, ತಂಗಿಯ ಕೈ ತಂಗಿ ಹಿಡ್ಕೊಂಡು ಹೋಗ್ಬೇಕು ಅನ್ನು," ಎಂದರು ಆಪಾ.

"ಹಾಗೇ ಆಪಾ. ನಾನು ಅಕ್ಕನ ಕೈಯನ್ನ ತಂಗಿಗೆ ಹಿಡಿಸಿದೆ. ಎರಡೂ ಕೊನೆಯಲ್ಲಿ."

ಬಣ್ಣವೇ ನನ್ನನ್ನು ಕೆಡವಿದ್ದು. ಥರ್ಮೋಕಪಲಿನ ತಯಾರಕರು ಕೆಂಪನ್ನು ಪ್ಲಸ್ಸಿಗೆ ಹಾಕಿದ್ದರು. ಕೇಬಲ್ ತಯಾರಿಸಿದವರು ಬೇರೊಂದು ದೇಶದ ಪದ್ಧತಿ ಹಿಡಿದಿದ್ದರು. ಆ ಪದ್ಧತಿಯಲ್ಲಿ ಕೆಂಪೆಂದರೆ ಮೈನಸ್. ಫ್ಯಾಕ್ಟರಿಯಲ್ಲಿದ್ದ ಹದಿಮೂರು ವರ್ಷವೂ ಒಂದೇ ಪದ್ಧತಿಯ ಸಾಮಾನು ನನ್ನ ಕೈಗೆ ಬಂದಿತ್ತು. ಬೇರೆ ಪದ್ಧತಿ ಇದೆ ಎಂದು ಓದಿದ್ದೆ, ಓದಿ ಮರೆತಿದ್ದೆ. ಈ ಜೋಡಿಯಲ್ಲಿ ಮೈನಸ್ ತಂತಿಯನ್ನು ಅಯಸ್ಕಾಂತ ಎಳೆಯುತ್ತದೆ ಎಂದು ಲ್ಯಾಬಿನಲ್ಲಿ ಮೇಷ್ಟ್ರು ಒಮ್ಮೆ ತೋರಿಸಿದ್ದರು. ಅದೂ ನೆನಪಿನ ತಳದಲ್ಲೆಲ್ಲೋ ಬಿದ್ದಿತ್ತು, ಸ್ಕ್ರೂಡ್ರೈವರೇ ಎತ್ತಿಕೊಡಬೇಕಾಯಿತು.

ಎರಡೂ ಕೊನೆಯಲ್ಲಿ ತಿರುಗುಮುರುಗಾದದ್ದರಿಂದ ಭಟ್ಟಿ ಬಿಸಿಯಾದಂತೆ ಮೀಟರೂ ಏರುತ್ತಿತ್ತು, ಯಾರಿಗೂ ಸಂಶಯ ಬರುತ್ತಿರಲಿಲ್ಲ. ಒಂದೇ ಕೊನೆಯಲ್ಲಿ ತಪ್ಪಿದ್ದರೆ ಅವತ್ತೇ ಅಂಕಿ ಹಿಂದಕ್ಕೆ ಓಡಿ ಸಿಕ್ಕಿಬೀಳುತ್ತಿದ್ದೆ. ಶುಕ್ರವಾರ ಪರೀಕ್ಷೆ ಮಾಡಿದಾಗ ಭಟ್ಟಿ ತಣ್ಣಗಿತ್ತು, ಡಬ್ಬಿಯೂ ಮೀಟರೂ ಒಂದೇ ಬಿಸಿಯಲ್ಲಿದ್ದವು. ಆಗ ತಪ್ಪು ಎಷ್ಟೇ ಇದ್ದರೂ ಸೊನ್ನೆಯಾಗಿ ಕಾಣುತ್ತದೆ. ಭಟ್ಟಿ ಉರಿದು, ಗೋಡೆ ಕಾದು, ಡಬ್ಬಿ ಸುಡತೊಡಗಿದ ಮೇಲೆ ಮೀಟರು ಹಿಂದೆ ಬೀಳುತ್ತಿತ್ತು. ಡಬ್ಬಿ ಮೀಟರಿಗಿಂತ ನಲವತ್ತು ಡಿಗ್ರಿ ಬಿಸಿಯಿದ್ದರೆ ತಪ್ಪು ಅದರ ಎರಡರಷ್ಟು, ಎಂಬತ್ತು.

"ಅಂದ್ರೆ ಬೆಳಿಗ್ಗೆ ನೂರೈವತ್ತು ಅಂದಾಗ…" ಯಜಮಾನರು ಬೆರಳಲ್ಲಿ ಲೆಕ್ಕ ಹಾಕತೊಡಗಿದರು.

"ಇನ್ನೂರ ಮೂವತ್ತರ ಮೇಲಿತ್ತು. ಆಪಾ ಹೇಳಿದ್ದೇ ಸರಿ."

ಅವರು ತಾಯಿಯ ಕಡೆ ನೋಡಿದರು. ಆಪಾ ಮೇಜಿನ ಮೇಲಿದ್ದ ಮೈದಾವನ್ನು ಅಂಗೈಯಿಂದ ಒಂದು ಕಡೆಗೆ ಗುಡಿಸಿದರು, ಅಷ್ಟೇ. ಆದರೆ ಅವರ ತುಟಿಯ ಕೊನೆಯಲ್ಲಿ ನಗು ತಡೆದುಕೊಂಡದ್ದು ನನಗೆ ಕಂಡಿತು.

ಬದಲಾಯಿಸುವುದಕ್ಕೆ ಹತ್ತು ನಿಮಿಷ ಸಾಕಾಯಿತು. ಡಬ್ಬಿಯಲ್ಲಿ ಕೇಬಲಿನ ಕೆಂಪನ್ನು ನೀಲಿಗೆ, ಹಳದಿಯನ್ನು ಕೆಂಪಿಗೆ ಕೂಡಿಸಿದೆ. ತಂತಿಯ ತುದಿಗಳನ್ನು ಕೆರೆದು ಹೊಳಪು ಬರಿಸಿ, ಸ್ಕ್ರೂ ಬಿಗಿ ಮಾಡಿದೆ. ಮೀಟರಿನಲ್ಲಿ ಹಳದಿ ಪ್ಲಸ್ಸಿಗೆ, ಕೆಂಪು ಮೈನಸ್ಸಿಗೆ. ಹದಿಮೂರು ವರ್ಷದ ಅಭ್ಯಾಸವಿರುವ ಕೈ ಕೆಂಪನ್ನು ಮೈನಸ್ಸಿನ ಹತ್ತಿರ ಒಯ್ಯಲು ಹಿಂಜರಿಯಿತು. ಟೇಪು ಸುತ್ತಿ ಅದರ ಮೇಲೆ ಗುರುತು ಬರೆದೆ. ಮತ್ತೆ ಕೆಟಲ್. ತುದಿ ನೀರಿನೊಳಗೆ ಹೋದದ್ದೇ ಯಜಮಾನರು ಓದತೊಡಗಿದರು:

"ಅರವತ್ತು… ಎಂಬತ್ತೆಂಟು… ತೊಂಬತ್ತೈದು… ತೊಂಬತ್ತೇಳು. ತೊಂಬತ್ತೇಳು. ನಿಂತಿತು."

"ಈಗ ಬಿಸಿ ಬಟ್ಟೆ!"

ಬಟ್ಟೆಯನ್ನು ಆಪಾ ತಾವೇ ಡಬ್ಬಿಗೆ ಸುತ್ತಿದರು. ಮೂವರೂ ಮೀಟರಿನ ಕಡೆ ತಿರುಗಿ ನಿಂತೆವು. ತೊಂಬತ್ತೇಳು. ಇನ್ನೂ ಬಿಸಿ ಬಟ್ಟೆ. ತೊಂಬತ್ತೇಳು. ಯಜಮಾನರು ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ.

ಕೊಳವೆಯನ್ನು ಭಟ್ಟಿಗೆ ತೂರಿಸಿ ಕಾದಾಗ ಅಂಕಿ ಇನ್ನೂರ ಇಪ್ಪತ್ತೆಂಟಕ್ಕೆ ಬಂದು ನಿಂತಿತು. ಆಪಾ ಒಂದು ಚಿಟಿಕೆ ಹಿಟ್ಟು ಎಸೆದು, ಮೂಗನ್ನು ಭಟ್ಟಿಯ ಬಾಯಿಯ ಕಡೆ ಚಾಚಿ ಎಣಿಸಿದರು. ಮೂರಕ್ಕೇ ನಿಲ್ಲಿಸಿದರು. "ಎಷ್ಟು ತೋರಿಸ್ತದೆ ನಿನ್ನ ಮೀಟರು?" ನಾನು ಹೇಳಿದೆ. "ಹಾಂ, ಇದು ಬನ್ನಿನ ಬಿಸಿಗಿಂತ ಒಂದು ಚೂರು ಜಾಸ್ತಿ. ಬಾಗಿಲು ತೆಗೆದಿಡು."

ಆಮೇಲಿನ ಎರಡು ಗಂಟೆ ನಾನು ಅಲ್ಲಿಂದ ಕದಲಲಿಲ್ಲ. ಭಟ್ಟಿ ಇಳಿಯುತ್ತ ಹೋಯಿತು, ಆಪಾ ಹಿಟ್ಟೆಸೆಯುತ್ತ ಹೋದರು, ಪ್ರತಿಸಲವೂ ಅವರು ಎಣಿಸಿದ್ದನ್ನೂ ಮೀಟರಿನ ಅಂಕಿಯನ್ನೂ ನಾನು ಸುಣ್ಣದ ಗೋಡೆಯ ಮೇಲೆ ಪೆನ್ಸಿಲಿನಲ್ಲಿ ಬರೆದೆ. ಬನ್ನಿಗೆ ಇನ್ನೂರ ಹದಿನೈದು. ಬೆಣ್ಣೆ ಬಿಸ್ಕತ್ತಿಗೆ ನೂರ ಎಂಬತ್ತು. "ಹತ್ತು ಎಣಿಸಿದೆ, ಈಗ ರಸ್ಕ್ ಇಡಬಹುದು" ಎಂದು ಅವರು ಹೇಳಿದಾಗ ಮೀಟರು ನೂರ ನಲವತ್ತೊಂಬತ್ತರಲ್ಲಿತ್ತು. ಯಾವ ಪುಸ್ತಕದಲ್ಲಿ ನೋಡಿದರೂ ಇದಕ್ಕಿಂತ ಬೇರೆ ಅಂಕಿ ಸಿಗುವುದು ಕಷ್ಟ. ಅವರ ಮೂಗಿನಲ್ಲೇ ಒಂದು ಮೀಟರಿತ್ತು, ಅದಕ್ಕೆ ಅಂಕಿ ಅಂಟಿಸುವ ಕೆಲಸ ಮಾತ್ರ ನನ್ನದಾಯಿತು.

ರಸ್ಕು ಹೊರಬಂದಾಗ ಹೊಂಬಣ್ಣವಿತ್ತು. ಯಜಮಾನರು ಚಹಾದ ಜೊತೆ ನಾಲ್ಕು ಕೊಟ್ಟರು. ಮೂರನೆಯದನ್ನು ಅದ್ದುತ್ತಿದ್ದಾಗ ನನಗೆ ಒಮ್ಮೆಲೇ ಒಂದು ವಿಷಯ ಹೊಳೆದು, ರಸ್ಕಿನ ಅರ್ಧ ಚಹಾದೊಳಗೇ ಮುರಿದು ಬಿತ್ತು.

ಕೇಬಲಿನ ಆ ಸುರುಳಿಯಲ್ಲಿ ಉಳಿದದ್ದನ್ನು ನಾನು ಇನ್ನೊಂದು ಕಡೆ ಹಾಕಿದ್ದೆ. ಥರ್ಮೋಕಪಲೂ ಇದರ ಜೊತೆಗೇ ತರಿಸಿದ್ದು. ಶೃಂಗೇರಿ ಕಡೆಯ ಅಡ್ಡಗದ್ದೆಯಲ್ಲಿ, ಏಲಕ್ಕಿ ಒಣಗಿಸುವ ಒಂದು ಡ್ರೈಯರಿಗೆ. ಕೆಂಪಿಗೆ ಕೆಂಪು.

ಚಹಾ ಅಲ್ಲೇ ಬಿಟ್ಟು ಎದ್ದೆ. "ಎಲ್ಲಿಗೆ?" ಎಂದರು ಆಪಾ. "ಅಡ್ಡಗದ್ದೆಗೆ ಹೋಗ್ಬೇಕು ಆಪಾ, ಅಲ್ಲೂ ಅಕ್ಕ ತಂಗಿ ಅದಲು ಬದಲಾಗಿದಾರೆ!" ಅವರು ಜೋರಾಗಿ ನಕ್ಕರು. ರಸ್ಕಿನ ಪೊಟ್ಟಣವೊಂದನ್ನು ಚೀಲಕ್ಕೆ ತುರುಕಿದ್ದು ಅವರೇ ಇರಬೇಕು, ಬಸ್ಸಿನಲ್ಲಿ ಕೂತ ಮೇಲೆ ಸಿಕ್ಕಿತು.

ಕೊಪ್ಪದಲ್ಲಿ ಬಸ್ಸು ಬದಲಿಸಿ, ಶೃಂಗೇರಿ ದಾರಿಯುದ್ದಕ್ಕೂ ನಾನು ಎರಡು ವಿಷಯ ಯೋಚಿಸುತ್ತಿದ್ದೆ. ಒಂದು, ಸಿಕ್ಕಿದ ಖುಷಿ. ಪಕ್ಕದಲ್ಲಿ ಕೂತ ಅಪರಿಚಿತ ಹೆಂಗಸಿಗೂ ಹೇಳಿಬಿಡೋಣ ಎನ್ನುವಷ್ಟು. ಇನ್ನೊಂದು, ಅಡ್ಡಗದ್ದೆಯವರು ಒಮ್ಮೆಯೂ ಫೋನ್ ಮಾಡಿ ದೂರಿಲ್ಲವಲ್ಲ ಎನ್ನುವುದು. ದೂರು ಬಂದಿಲ್ಲ ಎಂದರೆ ಎಲ್ಲ ಸರಿಯಿದೆ ಎಂದು ಅರ್ಥವೇ?

ಡ್ರೈಯರಿನ ಮನುಷ್ಯನಿಗೆ ಐವತ್ತು ದಾಟಿತ್ತು. ತನ್ನದರ ಜೊತೆಗೆ ಸುತ್ತಲಿನ ಐದಾರು ಮನೆಯವರ ಏಲಕ್ಕಿಯನ್ನೂ ಅವರೇ ಒಣಗಿಸಿಕೊಡುತ್ತಿದ್ದರು. ನಾನು ಹೋದಾಗ ಶೆಡ್ಡಿನಲ್ಲಿ ಫ್ಯಾನು ಗುಂಯ್ ಎನ್ನುತ್ತಿತ್ತು. ಅವರು ಜಾಲರಿ ತಟ್ಟೆಯೊಂದನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದರು.

"ಹೇಳದೆ ಕೇಳದೆ ಬಂದ್ರಲ್ಲ ಮೇಡಂ?"

"ಏಲಕ್ಕಿ ಬಣ್ಣ ಹೇಗೆ ಬರ್ತಿದೆ?" ಎಂದು ನೇರವಾಗಿ ಕೇಳಿದೆ.

ಅವರು ತಟ್ಟೆ ಕೆಳಗಿಟ್ಟರು. "ಈ ಸಲ ಎಂತದೋ ಸರಿ ಇಲ್ಲೆ ಮಾರಾಯ್ತಿ. ಹಸಿರು ನಿಲ್ತಾ ಇಲ್ಲೆ. ಹಳದಿ ತಿರುಗ್ತದೆ, ಕೆಲವು ಒಡೀತದೆ. ಕಾಯಿ ಬಲಿತದ್ದು ಹೆಚ್ಚಾಯ್ತೇನೋ, ತೊಳೆಯೂದ್ರಲ್ಲಿ ತಪ್ಪಿದೆನೇನೋ ಅಂತ ದಿನಾ ಒಂದೊಂದು ಮಾಡಿ ನೋಡ್ತಿದ್ದೆ. ಮೇಲಿನ ಮನೆಯವರು ಹೋದ ವಾರ ಕಾಯಿ ತರ್ಲಿಲ್ಲೆ. ಅವರು ಬಾಯಿಬಿಟ್ಟು ಹೇಳ್ಲಿಲ್ಲೆ, ಆದ್ರೆ ನಂಗೆ ಗೊತ್ತಾಗ್ತದಲ್ಲ."

"ಮೀಟರ್ ಮೇಲೆ ಅನುಮಾನ ಬರ್ಲಿಲ್ವಾ?"

"ಮೀಟರಾ? ಅದು ಮಿಷನಲ್ವಾ. ನಲವತ್ತೆಂಟಕ್ಕೆ ಇಟ್ಟಿದ್ದೆ, ಒಂದು ಚೂರು ಅಲ್ಲಾಡ್ಲಿಲ್ಲೆ ಅದು. ತಪ್ಪಿದ್ರೆ ನಂದೇ ಇರ್ಬೇಕು ಅಂತ."

ನಾನು ಏಣಿ ಹತ್ತಿ ಡಬ್ಬಿ ಮುಟ್ಟಿದೆ. ಭಟ್ಟಿಯ ಹಾಗೆ ಸುಡುತ್ತಿರಲಿಲ್ಲ, ಬರೀ ಉಗುರುಬೆಚ್ಚಗೆ. ಮೀಟರಿಗಿಂತ ಐದು ಡಿಗ್ರಿ ಜಾಸ್ತಿ ಇದ್ದೀತು. ಐದರ ಎರಡರಷ್ಟು ಹತ್ತು. ನಲವತ್ತೆಂಟು ಎಂದು ನಂಬಿ ಅವರು ಐವತ್ತೆಂಟರಲ್ಲಿ ಏಲಕ್ಕಿ ಬೇಯಿಸುತ್ತಿದ್ದರು. ಬೇಕರಿಯಲ್ಲಿ ತಪ್ಪು ದೊಡ್ಡದಿತ್ತು, ಒಂದೇ ಬೆಳಿಗ್ಗೆ ಕರಿಯಾಗಿ ಎದ್ದು ನಿಂತಿತು. ಇಲ್ಲಿ ಅದು ಸಣ್ಣದಾಗಿ, ಯಾರಿಗೂ ಕಾಣದೆ, ಒಬ್ಬ ಜಾಗರೂಕ ಮನುಷ್ಯ ತನ್ನನ್ನೇ ದೂರಿಕೊಳ್ಳುವ ಹಾಗೆ ಮಾಡಿತ್ತು.

ಏಣಿಯ ಮೇಲಿಂದಲೇ ಹೇಳಿದೆ. "ಕಾಯಿದೂ ತಪ್ಪಲ್ಲ, ನಿಮ್ಮದೂ ಅಲ್ಲ. ನಾನು ತಂತಿ ತಿರುಗುಮುರುಗು ಕಟ್ಟಿದ್ದೆ. ಇವತ್ತು ಬೆಳಿಗ್ಗೆ ಗೊತ್ತಾಯ್ತು. ಕ್ಷಮಿಸಬೇಕು."

ಅವರು ತಲೆಯೆತ್ತಿ ನನ್ನನ್ನೇ ನೋಡುತ್ತ ನಿಂತರು. ಕೋಪ ಬರುತ್ತದೆ ಎಂದುಕೊಂಡೆ; ಬಂದರೆ ತಪ್ಪೂ ಇರಲಿಲ್ಲ. "ಹೌದಾ?" ಎಂದರು. ಮತ್ತೊಮ್ಮೆ, "ಹೌದಾ ಮಾರಾಯ್ತಿ?" ಎಂದರು. ಆಮೇಲೆ ಅಂಗಿಯ ಜೇಬಿನಿಂದ ಫೋನ್ ತೆಗೆದು ಶೆಡ್ಡಿನ ಬಾಗಿಲಿಗೆ ಓಡಿದರು. ಅಲ್ಲಿ ಮಾತ್ರ ಸಿಗ್ನಲ್ ಸಿಗುವುದು.

"ಹಲೋ! ಕೇಳಿಸ್ತದಾ? ಏಲಕ್ಕಿ ಬಣ್ಣ ಕೆಟ್ಟದ್ದು ನನ್ನಿಂದ ಅಲ್ದಂತೆ ಮಾರಾಯ! ವೈರಿಂದಂತೆ! ಮೇಡಂ ಇಲ್ಲೇ ಇದ್ದಾರೆ, ಬೇಕಾದ್ರೆ ಅವರ ಹತ್ರವೇ ಕೇಳು!"

ಫೋನನ್ನು ನನ್ನ ಕಡೆ ಚಾಚಿ ಹಿಡಿದರು. ಏಣಿಯ ಮೇಲಿಂದ ನಾನು ಕೂಗಿದೆ: "ಹೌದು, ವೈರಿಂದೇ! ನಾನೇ ಕಟ್ಟಿದ್ದು!" ಆ ಕಡೆಯಿಂದ ಮೇಲಿನ ಮನೆಯವರು ಏನು ಹೇಳಿದರೋ ಕೇಳಿಸಲಿಲ್ಲ. ಡ್ರೈಯರಿನವರು ಮಾತ್ರ ನಗುತ್ತಲೇ ಇದ್ದರು, ಫೋನ್ ಇಟ್ಟ ಮೇಲೂ. ಹೆಂಡತಿಯನ್ನು ಕೂಗಿ ಕರೆದು ಅವರಿಗೂ ಹೇಳಿದರು.

ಈ ಸಲ ನಾನು ಬಣ್ಣದ ಗೊಡವೆಗೆ ಹೋಗಲಿಲ್ಲ. ನಾಲ್ಕೂ ತಂತಿಗೆ ಅಯಸ್ಕಾಂತ ಹಿಡಿದು ನೋಡಿ, ಅಂಟಿದ್ದಕ್ಕೆ ಅಂಟಿದ್ದು, ಅಂಟದ್ದಕ್ಕೆ ಅಂಟದ್ದು ಎಂದು ಕೂಡಿಸಿದೆ. ಅವರಿಗೂ ಹಿಡಿದು ತೋರಿಸಿದೆ. ಅವರು ಮೂರು ಸಲ ತಾವೇ ಅಂಟಿಸಿ ಬಿಡಿಸಿ ನೋಡಿದರು. ಆಮೇಲೆ ಕುದಿನೀರು, ಆಮೇಲೆ ಡಬ್ಬಿಗೆ ಬಿಸಿ ಬಟ್ಟೆ. ಅಂಕಿ ಅಲುಗಲಿಲ್ಲ. ಮತ್ತೆ ಡ್ರೈಯರಿನೊಳಗೆ ಇಟ್ಟಾಗ ಮೀಟರು ಐವತ್ತೇಳು ಎಂದಿತು. ಅವರು ಉರಿಯ ಗಾಳಿ ತಡೆಯುವ ಹಲಗೆ ಜಗ್ಗಿ ಬಿಸಿ ಕಡಿಮೆ ಮಾಡುತ್ತ, ಅಂಕಿ ಇಳಿಯುವುದನ್ನು ಕಣ್ಣು ಮಿಟುಕಿಸದೆ ನೋಡುತ್ತ ನಿಂತರು. ನಲವತ್ತೆಂಟು ಬಂದಾಗ ಕೈಯನ್ನು ಗಾಳಿಯ ಬಾಯಿಗೆ ಹಿಡಿದರು.

"ನೋಡಿ, ಕೈಗೇ ಗೊತ್ತಾಗ್ತದೆ," ಎಂದರು. "ಇಷ್ಟು ದಿನ ಕೈ ಹಿಡಿದೇ ನೋಡ್ಲಿಲ್ಲೆ ನಾನು. ಮೀಟರು ಬಂತಲ್ಲ ಅಂತ."

ಹೊಸ ಕಾಯಿಯ ಮೊದಲ ತಟ್ಟೆಗಳನ್ನು ಒಳಗೆ ಸರಿಸಿದ ಮೇಲೆ ನಾನು ಹೊರಟೆ. ಕೊಪ್ಪದ ಬಸ್ಸಿಗೆ ಕಾಯುವಾಗ ನರಸಿಂಹರಾಜಪುರದಿಂದ ಫೋನ್ ಬಂತು. ಮಗ ನಂಬರು ಒತ್ತಿಕೊಟ್ಟು ತಾಯಿಯ ಕೈಗೆ ಕೊಟ್ಟಿದ್ದರು.

"ಅಲ್ಲಿಯವರದ್ದು ಸರಿ ಆಯ್ತಾ?" ಆಪಾ ಕೇಳಿದರು.

"ಆಯ್ತು ಆಪಾ."

"ಬೈದ್ರಾ?"

"ಇಲ್ಲ. ನಕ್ಕರು."

"ಒಳ್ಳೇದು. ಕೇಳು, ನಾನು ಕಣ್ಣಿನ ಆಪರೇಷನ್ನಿಗೆ ಹೂಂ ಅಂದಿದ್ದೇನೆ. ಗೋಡೆ ಮೇಲೆ ನೀನು ಅದೆಂತದೋ ಬರೆದು ಹೋಗಿದ್ದೀಯಲ್ಲ, ಅದನ್ನ ನಾನೇ ಓದ್ಬೇಕು. ಇವ ಓದಿ ಹೇಳಿದ್ರೆ ನಂಗೆ ನಂಬಿಕೆ ಬರಲ್ಲ."

ಹಿಂದಿನಿಂದ ಮಗ "ಅಮ್ಮೀ!" ಎನ್ನುವುದು ಕೇಳಿಸಿತು. ಅಷ್ಟರಲ್ಲಿ ತಿರುವಿನಲ್ಲಿ ಬಸ್ಸು ಕಂಡಿತು. ನಾನು ಟೂಲ್ ಚೀಲ ಹೆಗಲಿಗೇರಿಸಿ ಕೈ ಅಡ್ಡ ಹಿಡಿದೆ.